ಎಡಗಾಲು ಕುಂಟುತ್ತಿದ್ದ ಪಿಕಪ್

ಚಿನ್ನವ್ವಾ, ಗುಂಡ್ಯಾ,

ಶಾಲೆಯಲ್ಲಿ ನಿಮಗೆ ಬೇರೆ ಹೆಸರುಗಳಿವೆ. ನನ್ನ ಬಾಯಿಗೆ ರೂಢಿಯಾಗಿರುವುದು ಮನೆಯ ಹೆಸರುಗಳೇ. ಅವನ್ನೇ ಬರೆದಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಹೋದ ಸೂಟಿಗೆ ಬಂದಾಗ ಗುಂಡ್ಯಾ ಮೊಬೈಲಿನಲ್ಲಿ ಒಂದು ಪಿಕಪ್ ಗಾಡಿಯ ಚಿತ್ರ ತೋರಿಸಿದ. ಯಾರೋ ಷೋಕಿಗಾಗಿ ಅದರ ಮೂತಿಯನ್ನು ಎತ್ತರಿಸಿ, ಹಿಂದು ಮುಂದು ಒಂದೇ ಮಟ್ಟಕ್ಕೆ ತಂದಿದ್ದರು. "ಇದೆಲ್ಲ ನಿನಗ ತಿಳಿಯಂಗಿಲ್ಲ ಬಿಡು ಆಯಿ," ಅಂದ. ನಾನು ನಕ್ಕು ರೊಟ್ಟಿ ಬಡಿಯಲು ಹೋದೆ. ಹೇಳಬೇಕಾದ ಮಾತು ಹೇಳಬೇಕಾದ ಹೊತ್ತಿಗೆ ನನ್ನ ಬಾಯಿಗೆ ಬರುವುದಿಲ್ಲ. ಎರಡು ದಿನ ಬಿಟ್ಟು, ಪಾತ್ರೆ ತಿಕ್ಕುವಾಗ ಬರುತ್ತದೆ. ಊರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ, ಅದಕ್ಕೆ ಬರೆಯುತ್ತಿದ್ದೇನೆ. ಪಿಕಪ್ ಗಾಡಿಯ ಮೂತಿ ಎತ್ತರಿಸುವುದು, ಎಡ ಬಲ ಸರಿ ಮಾಡುವುದು ಹೇಗೆ ಅಂತ ನಿಮ್ಮ ಆಯಿಗೆ ಗೊತ್ತಿದೆ. ಅದನ್ನು ಮಾಡುವಾಗ ಡ್ರೈವರ್ ಸೀಟಿನಲ್ಲಿ ಕುಳಿತಿದ್ದವಳು ನಾನೇ.

ನಿಮ್ಮ ಅಜ್ಜ ಮೊದಲು ಕುರಿ ಕಾಯುತ್ತಿದ್ದರು. ನಮ್ಮದು ಸಾವಳಗಿ ಕಡೆಯ ಊರು, ಬೀರೇಶ್ವರನಿಗೆ ನಡೆದುಕೊಳ್ಳುವ ಮನೆತನ. ದೀಪಾವಳಿ ಮುಗಿಸಿ ಕುರಿ ಹೊಡೆದುಕೊಂಡು ಹೋದರೆ ಅವರು ತಿರುಗಿ ಬರುತ್ತಿದ್ದುದು ಮುಂಗಾರಿಗೆ. ಯಾರ ಹೊಲದಲ್ಲಿ ಕುರಿ ನಿಂತವೋ ಅಲ್ಲೇ ಊಟ, ಅಲ್ಲೇ ನಿದ್ದೆ. ನಿಮ್ಮ ಅಪ್ಪನಿಗೆ ನಾಲ್ಕು ವರ್ಷವಾಗಿದ್ದಾಗ ಒಂದು ಮಧ್ಯಾಹ್ನ ಅವರು ಕಂಬಳಿ ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದು ನಿಂತರು. ನಿಮ್ಮ ಅಪ್ಪ ಓಡಿ ಬಂದು ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ಯವ್ವಾ, ಯಾರೋ ಬಂದಾರ," ಅಂದ. ಅವರು ಹೊಸ್ತಿಲ ಆಚೆಯೇ ಕುಳಿತುಬಿಟ್ಟರು, ಬಹಳ ಹೊತ್ತು ಒಳಗೆ ಬರಲಿಲ್ಲ. ಆ ವರ್ಷವೇ ಕುರಿ ಮಾರಿ ಯಾರೋ ಓಡಿಸಿ ಬಿಟ್ಟ ಹಳೆಯ ಪಿಕಪ್ ಒಂದನ್ನು ತಂದರು.

ಅಣೆಕಟ್ಟಿನ ಹಿನ್ನೀರು ಬಿಳಗಿ ಕಡೆಯ ಊರುಗಳಿಗೆ ಏರುತ್ತಿದ್ದ ಕಾಲ ಅದು. ಮೊದಲ ಎರಡು ವರ್ಷ ಜನರ ಬಾಗಿಲು, ತೊಲೆ, ಹಂಡೆ, ಬೀಸುವ ಕಲ್ಲು ಹೇರಿಕೊಂಡು ಹಳೆಯ ಊರುಗಳಿಂದ ಹೊಸ ಊರುಗಳಿಗೆ ಸಾಗಿಸಿದರು. ಆ ಕೆಲಸ ಮುಗಿದ ಮೇಲೆ ಬನಹಟ್ಟಿಯಲ್ಲಿ ಬೀಮು ಸಾಗಿಸುವ ಕೆಲಸ ಸಿಕ್ಕಿತು. ಬೀಮು ಅಂದರೆ ಮಗ್ಗಕ್ಕೆ ಬೇಕಾದ ಹಾಸುನೂಲನ್ನು ಸುತ್ತಿದ ದೊಡ್ಡ ಉರುಳೆ, ಎರಡೂ ತುದಿಗೆ ಕಬ್ಬಿಣದ ತಟ್ಟೆ. ನೂಲಿಗೆ ಗಂಜಿ ಹಾಕಿ ಸುತ್ತಿಕೊಡುವ ಕಾರಖಾನೆಯಿಂದ ಬೀಮುಗಳನ್ನು ಹೇರಿಕೊಂಡು ನೇಕಾರರ ಮನೆಗಳಿಗೆ ಮುಟ್ಟಿಸಿ ಬರುವುದು. ಎಷ್ಟು ದೂರ ಹೋದರೂ ಸಂಜೆಗೆ ಮನೆ. ಮದುವೆಯಾಗಿ ಅಷ್ಟು ವರ್ಷಗಳ ಮೇಲೆ, ಅವರ ಪಾಲಿನ ರೊಟ್ಟಿಯನ್ನು ದಿನಾ ಬಡಿಯುವ ರೂಢಿ ನನಗೆ ಮೊದಲ ಸಲ ಆಯಿತು.

ಆ ಕೆಲಸ ತಪ್ಪಿದರೆ ಉಳಿದಿದ್ದು ಒಂದೇ ದಾರಿ. ದಾಳಿಂಬೆ, ದ್ರಾಕ್ಷಿ ಹೇರಿಕೊಂಡು ದೂರದ ಪೇಟೆಗಳಿಗೆ ಹೋಗುವುದು. ಹೋದವರು ಹದಿನೈದು ದಿನ, ತಿಂಗಳು ಬರುತ್ತಿರಲಿಲ್ಲ. ಕುರಿ ಹಿಂದೆ ಹೋದ ಹಾಗೆಯೇ.

ಈಗ ಗಾಡಿಯ ಸಂಗತಿಗೆ ಬರುತ್ತೇನೆ. ಅದನ್ನು ಮೊದಲು ಕಂಡವರು ನಮ್ಮ ಅತ್ತೆ. ಅವರು ಅಕ್ಷರ ಕಲಿತವರಲ್ಲ. ಆದರೆ ನೂರು ಕುರಿ ಹಟ್ಟಿಯೊಳಗೆ ನುಗ್ಗುತ್ತಿದ್ದರೂ ಯಾವುದರ ಗೊರಸಿನಲ್ಲಿ ಮುಳ್ಳಿದೆ ಅಂತ ದೂರದಿಂದಲೇ ಹೇಳುತ್ತಿದ್ದರು. ಕಾಲು ನೋಡುತ್ತಿರಲಿಲ್ಲ, ಬೆನ್ನು ನೋಡುತ್ತಿದ್ದರು. ಒಂದು ಸಂಜೆ ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಗ ಪಿಕಪ್ ಅಂಗಳಕ್ಕೆ ಬಂತು.

"ಲೇ ಯಪ್ಪಾ, ನಿನ್ನ ಗಾಡಿ ಮುಂದಿನ ಎಡಗಾಲು ಕುಂಟಾಕತ್ತೈತಿ ನೋಡು," ಅಂದರು.

"ಯವ್ವಾ, ಅದೇನು ಕುರಿ ಅಂತ ತಿಳದಿ ಏನು? ಅದಕ್ಕ ಕಾಲಿಲ್ಲ, ಗಾಲಿ ಅದಾವು," ನಿಮ್ಮ ಅಜ್ಜ ನಕ್ಕರು.

"ಗಾಲಿ ಇರ್ಲಿ, ಗೋಲಿ ಇರ್ಲಿ. ಬೆನ್ನು ಎಡಕ್ಕ ಜೋತೈತಿ. ನನಗೇನು ಕಣ್ಣಿಲ್ಲೇನು?"

ಅದಾದ ವಾರದೊಳಗೇ ಬೀಮುಗಳು ಜಾರಿದವು. ಗಾಡಿ ಎಡಕ್ಕೆ ವಾಲಿದ್ದರಿಂದ, ಅಡ್ಡಡ್ಡ ಮಲಗಿಸಿದ್ದ ಬೀಮುಗಳು ದಾರಿಯುದ್ದಕ್ಕೂ ಚೂರು ಚೂರು ಎಡಕ್ಕೆ ಸರಿದು, ತಟ್ಟೆಗಳು ಗಾಡಿಯ ಬದಿಗೆ ಉಜ್ಜಿ ಬಾಗಿ, ಅಂಚಿನ ಎಳೆಗಳು ಕಡಿದಿದ್ದವು. ಅಂಚಿನ ಎಳೆ ಕಡಿದರೆ ನೇಕಾರ ಒಂದೊಂದನ್ನೂ ಹುಡುಕಿ ಗಂಟು ಹಾಕಬೇಕು. ದಿನವೆಲ್ಲ ಮಗ್ಗ ನಿಲ್ಲುತ್ತದೆ. ಕಾರಖಾನೆಯ ಸಾವಕಾರರು ನಾಲ್ಕು ಜನರ ಮುಂದೆ ನಿಮ್ಮ ಅಜ್ಜನನ್ನು ಕೇಳಿದರಂತೆ: "ಏನಪಾ, ನೀ ಬೀಮು ಒಯ್ತಿಯೋ, ಕುರಿ ಹೊಡಕೊಂಡು ಹೋಗ್ತಿಯೋ? ಎಲ್ಲಾ ಒಂದ ಮೂಲಿಗೆ ಹೋಗಿ ನಿಂತಾವಲ್ಲ!"

ನಿಮ್ಮ ಅಜ್ಜ ಮೆಲ್ಲಗೆ ಗಾಡಿ ನಡೆಸುವವರು. ತಿರುವಿನಲ್ಲಿ ಜೋರಾಗಿ ಹೊಡೆಯುತ್ತಾನೆ ಅಂತ ಅಲ್ಲಿದ್ದವರು ಆಡಿಕೊಂಡದ್ದು ಅವರಿಗೆ ಬಹಳ ನೋವು ಮಾಡಿತು. ಇದನ್ನು ತಾನೇ ಸರಿ ಮಾಡುತ್ತೇನೆ ಅಂತ ಹಟ ಹಿಡಿದರು.

ಗಾಡಿಯ ಮುಂದಿನ ಭಾಗವನ್ನು ಎತ್ತಿ ಹಿಡಿದಿರುವುದು ಎರಡು ಉದ್ದನೆಯ ಉಕ್ಕಿನ ಸಲಾಕೆಗಳು, ಎಡಕ್ಕೊಂದು ಬಲಕ್ಕೊಂದು. ಟಾರ್ಶನ್ ಅನ್ನುತ್ತಾರೆ. ಒದ್ದೆ ಸೀರೆಯ ಎರಡು ತುದಿಯನ್ನು ಇಬ್ಬರು ಹಿಡಿದು ಹಿಂಡಿದಾಗ ಅದು ತಿರುಗಿ ಬಿಚ್ಚಿಕೊಳ್ಳಲು ನೋಡುತ್ತದಲ್ಲ, ಸಲಾಕೆಯೂ ಹಾಗೆಯೇ. ಅದರ ಹಿಂದಿನ ತುದಿಯಲ್ಲಿ ಒಂದು ಬೋಲ್ಟ್ ಇರುತ್ತದೆ. ಅದನ್ನು ಬಿಗಿ ಮಾಡಿದರೆ ಹಿಂಡುವುದು ಹೆಚ್ಚಾಗಿ ಆ ಬದಿ ಮೇಲೇಳುತ್ತದೆ, ಸಡಿಲ ಮಾಡಿದರೆ ಇಳಿಯುತ್ತದೆ. ವರ್ಷಗಟ್ಟಲೆ ಭಾರ ಹೊತ್ತು ನಮ್ಮ ಗಾಡಿಯ ಎಡ ಸಲಾಕೆ ಸೋತಿತ್ತು.

ಐತವಾರ ಅಂಗಳದಲ್ಲಿ ಕೆಲಸ ಶುರುವಾಯಿತು. ಹೊಸ ಊರುಗಳಲ್ಲಿ ಮನೆ ಕಟ್ಟುವ ಗೌಂಡಿಗಳ ಹತ್ತಿರ ನಿಮ್ಮ ಅಜ್ಜ ಒಂದು ವಿದ್ಯೆ ನೋಡಿಕೊಂಡು ಬಂದಿದ್ದರು. ತಿಳಿ ಪ್ಲಾಸ್ಟಿಕ್ ನಳಿಗೆಯಲ್ಲಿ ನೀರು ತುಂಬಿ ಎರಡು ತುದಿಯನ್ನು ಎರಡು ಗೋಡೆಗೆ ಹಿಡಿದರೆ, ಒಳಗಿನ ನೀರು ಎರಡೂ ಕಡೆ ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಅದೇ ನಳಿಗೆಯ ಒಂದು ತುದಿಯನ್ನು ಎಡ ಮಡಗಾರ್ಡಿಗೂ ಇನ್ನೊಂದನ್ನು ಬಲ ಮಡಗಾರ್ಡಿಗೂ ಹಿಡಿಸಿದರು. ಓಣಿಯ ಗಂಡಸರು ಸುತ್ತ ನಿಂತು ನೋಡಿದರು. ಎಡ ಬದಿ ನಾಲ್ಕು ಬೆರಳು ಕೆಳಗಿತ್ತು. ಜಾಕ್ ಹಚ್ಚಿ, ಅಡಿಯಲ್ಲಿ ಮಲಗಿ, ಬೋಲ್ಟಿಗೆ ಪಾನಾ ಹಾಕಿ ಬಿಗಿ ಮಾಡಿ, ಮತ್ತೆ ಇಳಿಸಿ ನೋಡಿ, ಮತ್ತೆ ಬಿಗಿ ಮಾಡಿ, ಮಧ್ಯಾಹ್ನದ ಹೊತ್ತಿಗೆ ನಳಿಗೆಯ ನೀರು ಎರಡೂ ಕಡೆ ಮಡಗಾರ್ಡಿನ ಅಂಚಿಗೆ ಸರಿಯಾಗಿ ನಿಂತಿತು.

"ಇಂಜಿನೇರ ಆದ್ಯಲ್ಲೋ ಮಾವಾ!" ಅಂತ ಒಬ್ಬ ಬೆನ್ನು ತಟ್ಟಿದ.

ನಾನು ಬಾಗಿಲ ಹಿಂದೆ ನಿಂತಿದ್ದೆ. ಆ ನಳಿಗೆಯ ನೀರನ್ನು ನೋಡುವಾಗ ನನಗೆ ನಸುಕಿನಲ್ಲಿ ನಾನು ಥಳಿ ಹೊಡೆಯುವ ನೀರಿನ ನೆನಪಾಯಿತು. ಸೆಗಣಿ ನೀರು ಚಿಮುಕಿಸಿ ರಂಗೋಲಿ ಹಾಕುವಾಗ, ಎಲ್ಲಿ ಚೆಲ್ಲಿದರೂ ಅದು ಗಾಡಿ ನಿಲ್ಲುವ ಜಾಗವನ್ನು ಅಡ್ಡ ದಾಟಿ ಕರಿಬೇವಿನ ಮೂಲೆಗೆ ಹರಿಯುತ್ತಿತ್ತು. ಗಾಡಿಯ ಎಡ ಬದಿಗೆ. ಮಾತು ಗಂಟಲಿಗೆ ಬಂತು. ಅಷ್ಟು ಜನರ ಮುಂದೆ ಹೇಗೆ ಹೇಳುವುದು? ನನಗೂ ಅದು ಪೂರ್ತಿ ತಿಳಿದಿರಲಿಲ್ಲ. ನುಂಗಿಕೊಂಡು ಒಳಗೆ ಹೋಗಿ ಪಲ್ಯಕ್ಕೆ ಒಗ್ಗರಣೆ ಹಾಕಿದೆ.

ಮರುದಿನ ಗಾಡಿ ಹೊರಟಾಗ ಅತ್ತೆ ಕಟ್ಟೆಯ ಮೇಲಿನಿಂದ ಅದು ರಸ್ತೆಗೆ ಹೋಗುವವರೆಗೂ ನೋಡಿದರು. "ಈಗ ಬಲಗಾಲು ಕುಂಟಾಕತ್ತೈತಿ," ಅಂದರು.

ಅಂದು ಬೀಮುಗಳು ಬಲಕ್ಕೆ ಜಾರಿದವು.

ಸಂಜೆ ಅವರು ಬಂದು ಕೈಕಾಲು ಕೂಡ ತೊಳೆಯದೆ ಕುಳಿತರು. ಸಾವಕಾರರು ಈ ಸಲ ಬೈದಿರಲಿಲ್ಲ. ಮೆತ್ತಗೆ ಹೇಳಿದ್ದರು: "ಶುಕ್ರವಾರ ಬಿಳಗಿ ಕಡೆ ಹೊಸ ಊರಿಗೆ ನಾಕು ಬೀಮು ಅದಾವು. ಅವು ಕೆಟ್ಟರ ನಾ ಬ್ಯಾರೆ ಗಾಡಿ ನೋಡಕೋತೇನಿ, ನೀ ಬ್ಯಾರೆ ಕೆಲಸ ನೋಡಕೋ." ದ್ರಾಕ್ಷಿ ಸಾಗಿಸುವ ಲೈನಿನವರು ಆಗಲೇ ಕೇಳಿಕೊಂಡು ಹೋಗಿದ್ದಾರೆ ಅಂತಲೂ ನಿಮ್ಮ ಅಜ್ಜ ಹೇಳಿದರು. ನಿಮ್ಮ ಅಪ್ಪ ಅವರ ತೊಡೆಗೆ ಒರಗಿ ಕುಳಿತು ಮಗ್ಗಿ ಹೇಳುತ್ತಿದ್ದ.

ಆಗ ಹೊರಗಿನವರು ಯಾರೂ ಇರಲಿಲ್ಲ. ನಾನು ಹೇಳಿದೆ, "ಏನ್ರಿ, ನಮ್ಮ ಅಂಗಳ ಸಪಾಟ ಇಲ್ರಿ."

"ಏನಂದಿ?"

ತುಂಬಿದ ಕೊಡ ತಂದು, ಬಲಗಾಲಿಯ ಹತ್ತಿರ ಸುರಿದೆ. ನೀರು ಸ್ವಲ್ಪ ಹೊತ್ತು ಯೋಚನೆ ಮಾಡಿದ ಹಾಗೆ ನಿಂತು, ಆಮೇಲೆ ನಾಲಿಗೆ ಚಾಚಿ ಗಾಡಿಯ ಅಡಿಯಿಂದ ಹಾದು, ಎಡಗಾಲಿಯನ್ನು ಸುತ್ತಿಕೊಂಡು ಮೂಲೆಗೆ ಹೋಯಿತು. ಅವರು ಅದರ ಹಿಂದೆಯೇ ಬಗ್ಗಿ ನಡೆದರು.

ಅತ್ತೆ ಕಟ್ಟೆಯ ಮೇಲೆ ಕೈ ಬಡಿದರು. "ಅಯ್ಯ ಶಿವನ! ಇದು ಕುರಿ ಹಟ್ಟಿ ಅಲ್ಲೇನೋ! ನಿಮ್ಮಪ್ಪ ಕುರಿ ಉಚ್ಚಿ ಮೂಲ್ಯಾಗಿನ ತಿಪ್ಪಿಗೆ ಹರದ ಹೋಗ್ಲಿ ಅಂತ ಇಳಕಲ ಮಾಡಿ ನೆಲಾ ಬಡದಿದ್ದ. ನೀ ಇದ ಹಟ್ಯಾಗ ಹುಟ್ಟಿ ಬೆಳದಾಂವ, ನಿನಗ ನೆಪ್ಪಿಲ್ಲ? ನನಗರ ಎಲ್ಲಿ ನೆಪ್ಪಾತು!"

ನಿಜ. ಕುರಿ ಹೋದ ಮೇಲೆ ಹಟ್ಟಿಯೇ ಅಂಗಳವಾಗಿತ್ತು. ತಿಪ್ಪೆಯ ಜಾಗದಲ್ಲಿ ಕರಿಬೇವು ಬೆಳೆದಿತ್ತು. ಗಾಡಿಯ ಎಡ ಬದಿ ಕೆಳಗಿದ್ದದ್ದು ನಾಲ್ಕು ಬೆರಳಲ್ಲ, ಎರಡೇ. ಇನ್ನೆರಡು ನಮ್ಮ ಮಾವನವರು ಕುರಿಗಳಿಗಾಗಿ ಮಾಡಿಟ್ಟ ಇಳಿಜಾರು. ನಳಿಗೆಯ ನೀರನ್ನು ನಂಬಿ ನಿಮ್ಮ ಅಜ್ಜ ಎರಡನ್ನೂ ಕೂಡಿಸಿ ಎತ್ತಿಬಿಟ್ಟಿದ್ದರು.

"ಐತವಾರನ ಯಾಕ ಹೇಳಲಿಲ್ಲ ನೀ?" ಅಂದರು.

"ಮಂದಿ ಇದ್ರಲ್ರಿ."

ಅವರು ನನ್ನನ್ನೇ ನೋಡಿದರು. ಸಿಟ್ಟಿದೆಯೋ ಅಂತ ನನಗೆ ಭಯವಾಯಿತು. "ಇನ್ಮ್ಯಾಲೆ ಮಂದಿ ಇದ್ರೂ ಹೇಳು," ಅಂದರು. ಆಮೇಲೆ ಕಾಲು ತೊಳೆದರು.

ಮರುದಿನ ನಸುಕಿನ ಬಸ್ಸಿಗೆ ಮುಧೋಳಕ್ಕೆ ಹೋಗಿ ಒಬ್ಬ ಮಿಸ್ತ್ರಿಯನ್ನು ಕರೆದುಕೊಂಡು ಬಂದರು. ವಯಸ್ಸಾದ, ತೆಳ್ಳನೆಯ ಮನುಷ್ಯ. ಹಿಂದೆ ಯಾವಾಗಲೋ ಜಾಕ್ ಜಾರಿ ಬಲಗೈ ಪೆಟ್ಟಾಗಿ, ಎದೆಗಿಂತ ಮೇಲೆ ಅದನ್ನು ಎತ್ತಲು ಬರುತ್ತಿರಲಿಲ್ಲ. ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಮನೆಯಲ್ಲಿದ್ದರು. ಅಂಥವರನ್ನು ಏಕೆ ಕರೆತಂದರು ಅಂತ ನನಗೆ ಮೊದಲು ಅನಿಸಿತು. ಅವರ ಕೆಲಸ ನೋಡಿದ ಮೇಲೆ, ಕೈ ಸೋತವರಾದರೂ ಕೆಲಸ ಸೋತವರಲ್ಲ ಅಂತ ತಿಳಿಯಿತು.

ನಿಮ್ಮ ಅಜ್ಜ ಅವರ ಮುಂದೆ ಯಾವುದನ್ನೂ ಮುಚ್ಚಿಡಲಿಲ್ಲ. ನಳಿಗೆ ಹಿಡಿದದ್ದು, ಎರಡು ಸಲ ಬೀಮು ಕೆಟ್ಟದ್ದು ಎಲ್ಲ ಹೇಳಿ, "ಅಂಗಳ ಇಳಕಲ ಐತಿ ಅನ್ನೂದನ್ನ ನಮ್ಮ ಮನ್ಯಾಗಿನವರು ಕಂಡುಹಿಡದ್ರಿ," ಅಂದರು. ನಾನು ಅಡುಗೆ ಮನೆಯಲ್ಲಿ ನಾಚಿಕೆಯಿಂದ ಕುಗ್ಗಿ ಹೋದೆ.

ಮಿಸ್ತ್ರಿ ನಗಲಿಲ್ಲ. "ನೀರು ಖರೇನ ಹೇಳೈತಿ ತಮ್ಮಾ. ನೀ ಅದನ್ನ ಕೇಳಬೇಕಾಗಿದ್ದು ಬ್ಯಾರೆ," ಅಂದು, ಅಡುಗೆ ಮನೆಯ ಬಾಗಿಲ ಕಡೆ ತಿರುಗಿ ನನ್ನನ್ನು ಕೇಳಿದರು: "ಈ ಊರಾಗ ಸಪಾಟ ನೆಲಾ ಎಲ್ಲೈತಿ ತಂಗಿ? ನೀನ ಹೇಳು."

ಊರಿನಲ್ಲಿ ಯಾರೂ ನನ್ನನ್ನು ಹಾಗೆ ಕೇಳಿದ್ದಿಲ್ಲ. ಕಾಳು ಒಣಗಿಸಲು ಪಂಚಾಯಿತಿಯವರು ಹಾಕಿದ ಸಿಮೆಂಟಿನ ಕಣ ನೆನಪಾಯಿತು. ಅಲ್ಲಿ ಜೋಳ ತೊಳೆದ ನೀರು ಎತ್ತಲೂ ಹರಿಯದೆ ನಿಂತು, ಕಸಬರಿಗೆಯಿಂದ ದೂಡಬೇಕಾಗುತ್ತಿತ್ತು. "ಕಣ ಐತ್ರಿ," ಅಂದೆ. ಎಲ್ಲರೂ ಕಣಕ್ಕೆ ಹೋದೆವು. ನಾನು ಕೊಡದ ನೀರು ಸುರಿದೆ. ಅದು ದುಂಡಗೆ, ರೊಟ್ಟಿಯ ಹಾಗೆ, ಎಲ್ಲ ಕಡೆಗೂ ಒಂದೇ ಸಮ ಹರಡಿ ನಿಂತಿತು.

"ಇದು ನೆಲಾ!" ಅಂದರು ಮಿಸ್ತ್ರಿ.

ಅವರು ಕೆಲಸ ಮಾಡಿದ ರೀತಿಯನ್ನು ನಿಮಗೆ ಪೂರ್ತಿ ಹೇಳಬೇಕು. ಬೋಲ್ಟ್ ಮುಟ್ಟುವ ಮೊದಲು ಅವರು ಬಹಳ ಹೊತ್ತು ತೆಗೆದುಕೊಂಡರು. ಗಾಡಿಯನ್ನು ತಮ್ಮಿಂದ ದೂರ ಹೋಗಲು ಹೇಳಿ, ತಿರುಗಿ ತಮ್ಮ ಎದುರಿಗೆ ಬರಲು ಹೇಳಿ, ಕುಕ್ಕರಗಾಲಲ್ಲಿ ಕುಳಿತು ನೋಡಿದರು. ನಾಲ್ಕೂ ಗಾಲಿಯ ಗಾಳಿ ನೋಡಿದರು. ಮುಂದಿನ ಒಂದರಲ್ಲಿ ಕಡಿಮೆ ಇತ್ತು, ಪಂಪ್ ತರಿಸಿ ಹೊಡೆಸಿದರು. "ಗಾಳಿ ಹೆಚ್ಚು ಕಡಿಮಿ ಇಟಕೊಂಡು ಸಲಾಕಿ ತಿರುವಿದ್ರ ನಾಳೆ ಮತ್ತ ತಿರುವಬೇಕು," ಅಂದರು. ಖಾಲಿ ಗಾಡಿಯನ್ನು ಅಳೆಯಲು ಅವರು ಒಪ್ಪಲಿಲ್ಲ. ನಾಲ್ಕು ಬೀಮು ಎಷ್ಟು ಭಾರವೋ ಅಷ್ಟು ಜೋಳದ ಚೀಲಗಳನ್ನು ಕಣದಲ್ಲಿದ್ದವರಿಂದ ಕೇಳಿ ಗಾಡಿಯ ನಟ್ಟನಡುವೆ ಹೇರಿಸಿದರು.

ಆಮೇಲೆ ಬಂತು ನನ್ನ ಪಾಳಿ. ಡ್ರೈವರ್ ಬಲಗಡೆ ಕೂರುತ್ತಾನೆ, ಅವನ ತೂಕಕ್ಕೂ ಗಾಡಿ ಇಳಿಯುತ್ತದೆ, ಹಾಗಾಗಿ ಅಳೆಯುವಾಗ ಅಲ್ಲೊಬ್ಬರು ಕುಳಿತಿರಬೇಕು. ನಿಮ್ಮ ಅಜ್ಜ ಕೂರುವಂತಿಲ್ಲ. ಮಿಸ್ತ್ರಿಯ ತೋಳು ಏಳುತ್ತಿರಲಿಲ್ಲವಾದ್ದರಿಂದ ಅಡಿಯಲ್ಲಿ ಮಲಗಿ ಪಾನಾ ತಿರುವಬೇಕಾದವರು ಅವರೇ.

"ತಂಗಿ, ನೀ ಏರಿ ಕುಂದರು," ಅಂದರು ಮಿಸ್ತ್ರಿ. "ಗಂಡಗಿಂತ ಹಗುರ ಇದ್ದಿ. ಇಪ್ಪತ್ತು ಕಿಲೋ ಜೋಳದ ಚೀಲಾ ತೊಡಿ ಮ್ಯಾಲೆ ಇಟಕೋ."

ಕಣದ ತುಂಬ ಜನ. ನಾನು ಸೆರಗು ಹಣೆಗೆ ಎಳೆದುಕೊಂಡು ನಿಂತಲ್ಲೇ ನಿಂತೆ. ಅತ್ತೆ ನನ್ನ ಬೆನ್ನಿಗೆ ಕೈ ಹಾಕಿ ದೂಡಿದರು. ಏರಿ ಕುಳಿತೆ. ಚೀಲವನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟರು.

"ಡ್ರಾಯವರ ಅಕ್ಕಾರ, ಎಲ್ಲಿಗೆ ಹೊಂಟೈತ್ರಿ ಗಾಡಿ? ಜಮಖಂಡಿಗೆ ಸೀಟ ಅದಾವೇನು?" ಒಬ್ಬ ಕೂಗಿದ. ಎಲ್ಲರೂ ನಕ್ಕರು.

ಅತ್ತೆ ತಿರುಗಿ, "ಅದಾವೋ ಅಪ್ಪಾ. ನಿನ್ನ ಹೇಂತಿನ್ನ ಕರಕೊಂಡು ಬಾ, ಆಕಿನ್ನ ಒಳಗ ಕುಂದರಸ್ತೇವಿ. ನೀ ಹಿಂದ ಚೀಲದ ಜೋಡಿ ಕುಂದರು, ಅಳತಿಗೆ ಬರ್ತಿ," ಅಂದರು. ಅವನು ಜನರ ಹಿಂದೆ ಸರಿದು ನಿಂತ.

ಮಿಸ್ತ್ರಿ ಟೇಪು ತಂದಿರಲಿಲ್ಲ. ಕಣದ ಬದಿಯ ಬಣವೆಯಿಂದ ಒಂದು ಜೋಳದ ದಂಟು ಎಳೆದುಕೊಂಡು, ಬಲಗಾಲಿಯ ನಟ್ಟನಡುವಿನಿಂದ ಮಡಗಾರ್ಡಿನ ಅಂಚಿಗೆ ಹಿಡಿದು, ಉಗುರಿನಿಂದ ಗುರುತು ಮಾಡಿದರು. ಎಡಗಡೆ ಹಿಡಿದಾಗ ದಂಟಿನ ಗುರುತು ಅಂಚಿಗಿಂತ ಎರಡು ಬೆರಳು ಕೆಳಗೇ ಉಳಿಯಿತು. ಎಡಭಾಗ ಅಷ್ಟು ಹೆಚ್ಚಿಗೆ ಎದ್ದು ನಿಂತಿತ್ತು.

ಆಮೇಲೆ ಅವರು ಗಾಲಿಯ ಪಕ್ಕದಲ್ಲಿ ಕುಳಿತು ಮಾತಿನಿಂದಲೇ ಕೆಲಸ ಮಾಡಿಸಿದರು. "ಜಾಕ್ ಹಚ್ಚು. ಗಾಲಿ ನೆಲಾ ಬಿಡ್ಲಿ. ಭಾರ ಇದ್ದಾಗ ಬೋಲ್ಟ್ ತಿರುವಬ್ಯಾಡ, ಅದರ ಆಟಿ, ಸುತ್ತಿನ ಗೆರಿ, ಸವದು ಹೋಗ್ತಾವು. ಹಾಂ. ಎರಡು ಸುತ್ತು ಸಡ್ಲ ಮಾಡು. ಸಾಕು. ಇಳಸು." ಗಾಡಿ ಇಳಿಯಿತು. ನಿಮ್ಮ ಅಜ್ಜ ದಂಟು ಹಿಡಿಯಲು ಹೋದರು. ಮಿಸ್ತ್ರಿ ತಡೆದರು. ಜಾಕಿನಿಂದ ಇಳಿದ ಗಾಲಿ ಕಾಲು ಮಡಚಿಕೊಂಡು ಕುಳಿತಿರುತ್ತದೆ, ನಾಲ್ಕು ಹೆಜ್ಜೆ ನಡೆದ ಮೇಲೆಯೇ ಸರಿಯಾಗಿ ನಿಲ್ಲುತ್ತದೆ ಅಂತ ಹೇಳಿದರು.

"ತಂಗಿ, ಸ್ಟೇರಿಂಗ್ ನೆಟ್ಟಗ ಹಿಡಿ. ಬ್ರೇಕ್ ತುಳೀಬ್ಯಾಡ. ಎಲ್ಲಾರೂ ನೂಕ್ರಿ."

ಹೀಗೆ ನಾನು ಗಾಡಿ ನಡೆಸಿದೆ, ಗುಂಡ್ಯಾ. ಇಂಜಿನ್ ಇಲ್ಲದೆ, ತೊಡೆಯ ಮೇಲೆ ಜೋಳ ಇಟ್ಟುಕೊಂಡು. ಹಿಂದೆ ಎಂಟು ಗಂಡಸರು ನೂಕುತ್ತಿದ್ದರು. ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ. ನಿಂತ ಮೇಲೆ ಮಿಸ್ತ್ರಿ ಮೂತಿಯ ಮೇಲೆ ಎಡಗೈ ಊರಿ ಎರಡು ಸಲ ಕುಣಿಸಿದರು, ಆಮೇಲೆ ದಂಟು ಹಿಡಿದರು. ಇನ್ನೂ ಒಂದು ಬೆರಳು. ಎಡಗಡೆಯನ್ನೇ ಇಳಿಸುತ್ತ ಹೋದರೆ ಮೂತಿ ಪೂರ್ತಿ ಕುಸಿಯುತ್ತದೆ, ಬಲ ಸಲಾಕೆಯೂ ಸ್ವಲ್ಪ ಸೋತಿದೆ ಅಂದು, ಈ ಸಲ ಬಲಗಡೆ ಅರ್ಧ ಸುತ್ತು ಬಿಗಿ ಮಾಡಿಸಿದರು. ಮತ್ತೆ ಇಳಿಸಿ, ಮತ್ತೆ ನೂಕಿ, ಮತ್ತೆ ಕುಣಿಸಿ ನೋಡಿದರು. ಆರು ಸಲವೋ ಏಳು ಸಲವೋ ಆಯಿತು. ನೂಕುವವರು ಬೇಸತ್ತು, "ಸಾಕಲ್ರಿ ಮಿಸ್ತ್ರಿ, ಕೂದಲೆಳಿಯಷ್ಟು ಫರಕ ಐತಿ," ಅಂದರು.

"ಕೂದಲೆಳಿ ಅಲ್ಲಪಾ, ನೂಲಿನೆಳಿ," ಅಂದರು ಅವರು. "ಕಡಿಯೂದು ಅದ."

ಕೊನೆಗೆ ದಂಟು ಎರಡೂ ಕಡೆ ಒಂದೇ ಸಮ ಕುಳಿತಿತು. ಅತ್ತೆಯನ್ನು ಕರೆದು, ಗಾಡಿಯನ್ನು ಕಣದ ಸುತ್ತ ಓಡಿಸಿ, "ಯಕ್ಕಾ, ನಿನ್ನ ಕುರಿ ಈಗ ಹೆಂಗ ನಡೀತೈತಿ?" ಅಂತ ಮಿಸ್ತ್ರಿ ಕೇಳಿದರು. ಅತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ಸಂತಿಗೆ ಹೊಡಿ, ಯಾರೂ ಹೆಸರಿಡಂಗಿಲ್ಲ," ಅಂದರು. ಇಬ್ಬರೂ ಓದಿದವರಲ್ಲ. ಒಬ್ಬರು ದಂಟಿನಿಂದ ಕಂಡದ್ದನ್ನು ಇನ್ನೊಬ್ಬರು ಬರಿಗಣ್ಣಿನಿಂದ ಕಂಡರು. ಅಂಥ ಇಬ್ಬರನ್ನು ಒಂದೇ ದಿನ ಒಂದೇ ಕಣದಲ್ಲಿ ನೋಡಿದ್ದು ನನ್ನ ಭಾಗ್ಯ ಅಂತ ಈಗಲೂ ಅನಿಸುತ್ತದೆ.

ಹೊರಡುವಾಗ ಅತ್ತೆ ತಮ್ಮ ಕೈಯಿಂದ ನೂತ ಉಣ್ಣೆಯ ಕಂಬಳಿಯನ್ನು ಮಿಸ್ತ್ರಿಯ ಆ ಸೋತ ಹೆಗಲಿಗೆ ಹೊದಿಸಿದರು. ಅವರು ಬೇಡ ಬೇಡ ಅಂದರು, ಆಮೇಲೆ ತೆಗೆಯಲಿಲ್ಲ. ಮೂತಿಯ ಎತ್ತರ ಬದಲಾದರೆ ಗಾಲಿಗಳ ದಿಕ್ಕೂ ಚೂರು ಬದಲಾಗುತ್ತದೆ, ಜಮಖಂಡಿಯಲ್ಲಿ ಅಲೈನ್ಮೆಂಟ್ ನೋಡಿಸಿಯೇ ಬೀಮು ಹೇರು ಅಂದರು. ಗುರುವಾರ ಅದನ್ನೂ ಮಾಡಿಸಿದ್ದಾಯಿತು.

ಶುಕ್ರವಾರ ನಾನೂ ಜೊತೆಗೆ ಹೋಗಬೇಕು ಅನಿಸಿತ್ತು. ಆದರೆ ಎಡಗಡೆ ಯಾರನ್ನೂ ಕೂರಿಸಬೇಡ ಅಂತ ಮಿಸ್ತ್ರಿ ಹೇಳಿಹೋಗಿದ್ದರು. ಹಾಗಾಗಿ ಮನೆಯಲ್ಲೇ ಉಳಿದೆ. ಬನಹಟ್ಟಿಯಿಂದ ಜಮಖಂಡಿ, ಅಲ್ಲಿಂದ ಬಿಳಗಿ, ಅಲ್ಲಿಂದ ಆಚೆ ಹೊಸ ಊರು. ಕಬ್ಬಿನ ಹಂಗಾಮು, ರಸ್ತೆಯ ತುಂಬ ಟ್ರ್ಯಾಕ್ಟರುಗಳು, ತಗ್ಗುಗಳು. ಈಗ ಎಲ್ಲಿರಬಹುದು, ಈಗ ಯಾವ ತಿರುವು ಅಂತ ಲೆಕ್ಕ ಹಾಕುತ್ತ ಹಿಟ್ಟು ನಾದಿದೆ. ಒಂದು ರೊಟ್ಟಿ ಹೊತ್ತಿಹೋಯಿತು. ಅವರ ಬಟ್ಟೆ ಇರುವ ಟ್ರಂಕನ್ನು ತೆಗೆದು ನೋಡಿ ಮತ್ತೆ ಮುಚ್ಚಿದೆ. ದೂರದ ಲೈನಿಗೆ ಹೋಗುವುದಾದರೆ ಯಾವ ಅಂಗಿ, ಯಾವ ಚಾದರ ಕಟ್ಟಿಕೊಡಬೇಕು ಅಂತ ಮನಸ್ಸು ನನ್ನನ್ನು ಕೇಳದೆಯೇ ಎಣಿಸುತ್ತಿತ್ತು.

ಹೊತ್ತು ಮುಳುಗುವ ಮೊದಲೇ ಗಾಡಿ ಬಂತು. ನಾನು ಹೊರಗೆ ಹೋಗಲಿಲ್ಲ, ಹೋಗಲು ಧೈರ್ಯವಾಗಲಿಲ್ಲ. ಅವರು ಕಾಲು ತೊಳೆದು, ಒಳಗೆ ಬಂದು, ನಿಮ್ಮ ಅಪ್ಪನನ್ನು ಪಕ್ಕಕ್ಕೆ ಕೂರಿಸಿಕೊಂಡು, "ಹಾಕು," ಅಂದರು. ಹಾಕಿದೆ. ಎರಡು ರೊಟ್ಟಿ ಉಂಡರು. ಮೂರನೆಯದನ್ನು ಮುರಿಯುವಾಗ ಹೇಳಿದರು:

"ನೇಕಾರಾಂವ ನಾಕೂ ಬೀಮಿನ ಅಂಚಿಗೆ ಹೆಬ್ಬೆಟ್ಟು ಹಚ್ಚಿಕೋತ ಹೋದ. ಈ ತುದಿಯಿಂದ ಆ ತುದಿ ತನಕ. ಒಂದ ಎಳಿ ಕಡದಿಲ್ಲ."

"ಸಾವ್ಕಾರ್ರು ಏನಂದ್ರು?" ಅಂತ ಅತ್ತೆ ಹೊರಗಿನಿಂದಲೇ ಕೇಳಿದರು.

"ಏನೂ ಅನ್ನಲಿಲ್ಲ. ನಾಳೆ ಮತ್ತ ಆರು ಬೀಮು ಅದಾವು ಅಂದ್ರು." ತಟ್ಟೆಯನ್ನು ನನ್ನ ಕಡೆ ಸರಿಸಿದರು. "ಇನ್ನೊಂದು ಐತೇನು?"

ಇತ್ತು. ಆಮೇಲೆ ಹನ್ನೊಂದು ವರ್ಷ, ಹಬ್ಬ ಜ್ವರದ ದಿನಗಳನ್ನು ಬಿಟ್ಟರೆ, ನಿಮ್ಮ ಅಜ್ಜ ಬೀಮು ಸಾಗಿಸಿದರು. ಪ್ರತಿ ಸಂಜೆ ಮನೆಯಲ್ಲಿ ಉಂಡರು. ನಿಮ್ಮ ಅಪ್ಪ ಅವರ ಪಕ್ಕದಲ್ಲಿ ಕುಳಿತೇ ಮಗ್ಗಿ ಮುಗಿಸಿ, ಲೆಕ್ಕ ಕಲಿತು, ಮೀಸೆ ಬರಿಸಿಕೊಂಡ. ತನ್ನ ತಂದೆಗೆ ಖಾರ ಎಷ್ಟು ಬೇಕು, ಯಾವ ಮಾತಿಗೆ ನಗುತ್ತಾರೆ, ಸಿಟ್ಟು ಬಂದರೆ ಯಾವ ಕಿವಿ ಕೆರೆದುಕೊಳ್ಳುತ್ತಾರೆ ಅನ್ನುವುದೆಲ್ಲ ಅವನಿಗೆ ಗೊತ್ತಿದೆ. ಅವನನ್ನು ಕೇಳಿ ನೋಡಿ, ಹೇಳುತ್ತಾನೆ.

ಗಾಡಿಯ ಕಥೆ ಮಾತ್ರ ಅವನಿಗೂ ಪೂರ್ತಿ ಗೊತ್ತಿಲ್ಲ, ಆಗ ಚಿಕ್ಕವನಿದ್ದ. ಪೂರ್ತಿ ಗೊತ್ತಿದ್ದ ಉಳಿದ ಮೂವರೂ, ನಿಮ್ಮ ಅಜ್ಜ, ಅತ್ತೆ, ಮಿಸ್ತ್ರಿ, ಈಗ ಇಲ್ಲ. ಈ ಹಾಳೆಗಳನ್ನು ಅಡುಗೆ ಮನೆಯ ಗೋಡೆಯ ಮಾಡದಲ್ಲಿ ಇಡಬೇಡಿ, ಹೊಗೆಗೆ ಕೆಂಪಾಗುತ್ತವೆ. ಹಿಟ್ಟಿನ ಡಬ್ಬಿಯ ಹತ್ತಿರವೂ ಬೇಡ, ಜಿರಳೆ ಬರುತ್ತವೆ. ಹತ್ತಿ ಬಟ್ಟೆಯಲ್ಲಿ ಸುತ್ತಿ, ನಿಮ್ಮ ಶಾಲೆಯ ಸರ್ಟಿಫಿಕೇಟುಗಳನ್ನು ಇಡುವ ಪೆಟ್ಟಿಗೆಯಲ್ಲೇ ಇವಕ್ಕೂ ಒಂದಿಷ್ಟು ಜಾಗ ಮಾಡಿ. ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ತೆಗೆದು ಬಿಸಿಲಿಗೆ ಹಾಕಿ, ಗಾಳಿಗೆ ಹಾರದ ಹಾಗೆ ಮೇಲೊಂದು ಕಲ್ಲಿಡಿ.